ನಗು ಚೆಂದವಾಗಲಿ, ಹಲ್ಲೂ ಉಳಿಯಲಿ

ಹಲ್ಲು ಬೆಳ್ಳಗಾಗಬೇಕು ಅನ್ನಿಸಿದರೆ ಮೊದಲು ಕ್ಲೀನಿಂಗ್ ಮಾಡಿಸಿ ನೋಡಿ. ಕಾಫಿ, ಎಲೆಅಡಿಕೆಯ ಕರೆ ಬಹುಪಾಲು ಅದರಲ್ಲೇ ಹೋಗುತ್ತದೆ. ಎಷ್ಟೋ ಜನಕ್ಕೆ ಅಷ್ಟೇ ಸಾಕು.

ಕೋಲಾರ, ಪಾವಗಡದ ಕಡೆ ಕಾಣುವ ಕಂದು ಕಲೆಯೇ ಬೇರೆ. ಬೋರ್‌ವೆಲ್ ನೀರಿನ ಫ್ಲೋರೈಡ್‌ನಿಂದ ಚಿಕ್ಕಂದಿನಲ್ಲೇ ಎನಾಮಲ್ ಒಳಗೆ ಕೂತದ್ದು, ಎಷ್ಟು ಉಜ್ಜಿದರೂ ಹೋಗದು. ಬರೀ ಬ್ಲೀಚಿಂಗ್ ಮಾಡಿಸಿದರೆ ಅಕ್ಕಪಕ್ಕದ ಬಿಳಿ ಮಚ್ಚೆಗಳು ಇನ್ನೂ ಎದ್ದು ಕಾಣಬಹುದು. ಕಲೆ ಮೇಲುಮೇಲಿನದಾದರೆ, ಮೇಲ್ಪದರವನ್ನು ಕೂದಲೆಳೆಯಷ್ಟು ಸವೆಸುವ ಮೈಕ್ರೋಅಬ್ರೇಶನ್ ಆಗುತ್ತದಾ ಎಂದು ಡಾಕ್ಟರನ್ನು ಕೇಳಿ.

ಡಾಕ್ಟರು ವೆನೀರ್, ಅಂದರೆ ಹಲ್ಲಿನ ಮುಂಭಾಗಕ್ಕೆ ಅಂಟಿಸುವ ತೆಳು ಹೊದಿಕೆ, ಎಂದ ಕೂಡಲೇ ಹೂಂ ಅನ್ನಬೇಡಿ, ದಯವಿಟ್ಟು. ಅದಕ್ಕಾಗಿ ಸಾಮಾನ್ಯವಾಗಿ ಅರ್ಧ ಮಿಲಿಮೀಟರ್‌ನಷ್ಟು ಎನಾಮಲ್ ತೆಗೆಯುತ್ತಾರೆ. ತೆಗೆದದ್ದು ಮತ್ತೆ ಬೆಳೆಯುವುದಿಲ್ಲ. ವೆನೀರ್ ಹಳತಾದಾಗ ಇನ್ನೊಂದನ್ನು ಹಾಕಿಸಲೇಬೇಕು. ಇಪ್ಪತ್ತರ ವಯಸ್ಸಿನಲ್ಲಿ, ಮುಂದಿನ ಹಲ್ಲು ಚೂರು ಮುಕ್ಕಾಗಿದ್ದರೆ ಹಲ್ಲಿನ ಬಣ್ಣದ ರಾಳವನ್ನು ಅಂಟಿಸುವ ಕಾಂಪೊಸಿಟ್ ಬಾಂಡಿಂಗ್ ಧಾರಾಳವಾಯಿತು. ಅದು ಕ್ರಮೇಣ ಬಣ್ಣ ಹಿಡಿಯುತ್ತದೆ, ಒಮ್ಮೊಮ್ಮೆ ಚೂರು ಏಳುತ್ತದೆ, ನಿಜ. ಆದರೆ ಸರಿಮಾಡಿಸಬಹುದು. ವಕ್ರ ಹಲ್ಲುಗಳಿಗಂತೂ ಗಟ್ಟಿ ಹಲ್ಲನ್ನು ಸವೆಸಿ ವೆನೀರ್ ಕೂರಿಸುವುದಕ್ಕಿಂತ ತಾಳ್ಮೆಯಿಂದ ಕ್ಲಿಪ್ ಹಾಕಿಸಿಕೊಳ್ಳುವುದು ಎಷ್ಟೋ ಮೇಲು.

ಇನ್ನೊಂದು ಮಾತು. ಕ್ಯಾಪ್, ಫಿಲ್ಲಿಂಗ್‌ಗಳ ಬಣ್ಣ ಬ್ಲೀಚಿಂಗ್‌ಗೆ ಬದಲಾಗುವುದಿಲ್ಲ. ಬ್ಲೀಚಿಂಗ್, ಬಾಂಡಿಂಗ್ ಎರಡೂ ಬೇಕಿದ್ದರೆ ಬ್ಲೀಚಿಂಗ್ ಮೊದಲು. ಎರಡು ವಾರ ಬಿಟ್ಟು, ಬಣ್ಣ ನೆಲೆಗೊಂಡ ಮೇಲೆ, ಅದಕ್ಕೆ ಹೊಂದುವ ಬಾಂಡಿಂಗ್ ಮಾಡಿಸಿ.