ಎತ್ತರದ ಹುಡುಗ ಮತ್ತು ಮಾರ್ಫನ್ ಸಿಂಡ್ರೋಮ್

ನಾನು ಕಾಮರ್ಸ್ ವಿದ್ಯಾರ್ಥಿನಿ. ನನ್ನ ಪಾಲಿಗೆ ವಿಜ್ಞಾನ ಹತ್ತನೇ ತರಗತಿಗೇ ಮುಗಿದಿತ್ತು. ಆದರೆ ಮಳವಳ್ಳಿಯ ನನ್ನ ಖಾಲಾ ಮನೆಯಲ್ಲಿ ನಡೆದದ್ದು ನನ್ನನ್ನು ಮತ್ತೆ ಆ ಪಾಠಕ್ಕೆ ಕರೆತಂದಿತು.

ಖಾಲಾ ಅವರ ಮಗ ತುಂಬಾ ಎತ್ತರ, ತೆಳ್ಳಗೆ. ವಾಲಿಬಾಲ್ ಚೆನ್ನಾಗಿ ಆಡುತ್ತಿದ್ದ. ನಾವೆಲ್ಲ ಅವನನ್ನು 'ಲಂಬೂ' ಎಂದು ರೇಗಿಸುತ್ತಿದ್ದೆವು. ಕಳೆದ ವರ್ಷ ಅವನಿಗೆ ಕಣ್ಣು ಮಂಜಾಯಿತು. ಮದ್ದೂರಿನಲ್ಲಿ ಎರಡು ಸಲ ಕನ್ನಡಕ ಬದಲಾಯಿಸಿದರೂ ಸರಿಹೋಗಲಿಲ್ಲ. ಮಂಡ್ಯದ ಕಣ್ಣಿನ ಡಾಕ್ಟರು, ಕಣ್ಣಿನೊಳಗಿನ ಮಸೂರವೇ ಜಾಗ ಬಿಟ್ಟು ಸರಿದಿದೆ ಎಂದರು. ಅವನ ಉದ್ದ ಬೆರಳುಗಳನ್ನು ನೋಡಿ, "ಮನೆಯಲ್ಲಿ ಚಿಕ್ಕ ವಯಸ್ಸಿಗೇ ಯಾರಾದರೂ ತೀರಿಕೊಂಡಿದ್ದಾರಾ?" ಎಂದು ಕೇಳಿದರು. ಖಾಲಾ ಅತ್ತುಬಿಟ್ಟರು. ಖಾಲೂ 39ನೇ ವಯಸ್ಸಿನಲ್ಲಿ ಎದೆನೋವು ಬಂದು ಹೋಗಿದ್ದರು. ಅವರೂ ಹೀಗೇ ಎತ್ತರ ಇದ್ದರು.

ಮಾರ್ಫನ್ ಸಿಂಡ್ರೋಮ್ ಎಂಬ ಈ ಕಾಯಿಲೆಯನ್ನು 1896ರಲ್ಲಿ ಮೊದಲು ವಿವರಿಸಿದವರು ಫ್ರಾನ್ಸಿನ ಮಕ್ಕಳ ವೈದ್ಯ ಆಂಟ್ವಾನ್ ಮಾರ್ಫನ್. ಸುಮಾರು 5,000 ಜನರಲ್ಲಿ ಒಬ್ಬರಿಗೆ ಇದು ಇರುತ್ತದೆ. ದೇಹದ ಅಂಗಗಳನ್ನು ಹಿಡಿದಿಡುವ ಸಂಯೋಜಕ ಅಂಗಾಂಶಕ್ಕೆ ಫೈಬ್ರಿಲಿನ್ ಎಂಬ ಪ್ರೋಟೀನ್ ಬೇಕು. ಅದನ್ನು ತಯಾರಿಸುವ ಜೀನ್ 15ನೇ ವರ್ಣತಂತುವಿನಲ್ಲಿದೆ. ಆ ಜೀನ್‌ನಲ್ಲಿ ದೋಷವಿದ್ದರೆ ಅಂಗಾಂಶ ಸಡಿಲವಾಗುತ್ತದೆ. ಕೈಕಾಲು, ಬೆರಳುಗಳು ಉದ್ದವಾಗುತ್ತವೆ, ಬೆನ್ನು ಡೊಂಕಾಗಬಹುದು, ಎದೆಯ ಮೂಳೆ ಒಳಕ್ಕೆ ಅಥವಾ ಹೊರಕ್ಕೆ ಬಾಗಬಹುದು. ನಿಜವಾದ ಅಪಾಯ ಇರುವುದು ಹೃದಯದಿಂದ ಹೊರಡುವ ಮಹಾಪಧಮನಿಯಲ್ಲಿ. ಅದು ಸದ್ದಿಲ್ಲದೆ ಹಿಗ್ಗಿ ಒಂದು ದಿನ ಸೀಳಬಹುದು. ಅಮೆರಿಕದ ವಾಲಿಬಾಲ್ ಆಟಗಾರ್ತಿ ಫ್ಲೋ ಹೈಮನ್ 1986ರಲ್ಲಿ ಜಪಾನಿನಲ್ಲಿ ಪಂದ್ಯದ ವೇಳೆ ಕುಸಿದು ತೀರಿಕೊಂಡರು. ಅವರಿಗೆ ಈ ಕಾಯಿಲೆ ಇದ್ದದ್ದು ತಿಳಿದದ್ದು ಆಮೇಲೆ.

ಸಂಬಂಧದಲ್ಲಿ ಮದುವೆಯಾದದ್ದಕ್ಕೇ ಹೀಗಾಯಿತು ಎಂದು ನೆಂಟರು ಖಾಲಾ ಅವರನ್ನು ದೂರಿದರು. ಅದು ತಪ್ಪು. ತಂದೆ ತಾಯಿಯಲ್ಲಿ ಒಬ್ಬರಿಗೆ ಇದ್ದರೂ ಸಾಕು, ಪ್ರತಿ ಮಗುವಿಗೂ ಬರುವ ಸಾಧ್ಯತೆ ಅರ್ಧಕ್ಕರ್ಧ. ನಾಲ್ವರಲ್ಲಿ ಸುಮಾರು ಒಬ್ಬರಿಗೆ ಮನೆಯಲ್ಲಿ ಯಾರಿಗೂ ಇಲ್ಲದೆ ಹೊಸದಾಗಿಯೂ ಬರುತ್ತದೆ.

ಮೈಸೂರಿನ ಜಯದೇವ ಆಸ್ಪತ್ರೆಯಲ್ಲಿ ಅವನಿಗೆ ಎಕೋ ಪರೀಕ್ಷೆ ಮಾಡಿದರು. ನೋವಿಲ್ಲದ ಆ ಪರೀಕ್ಷೆಯಲ್ಲಿ ಮಹಾಪಧಮನಿಯ ಅಗಲ ತಿಳಿಯುತ್ತದೆ. ಪೂರ್ತಿ ಗುಣವಾಗುವ ಔಷಧಿ ಇಲ್ಲ. ಆದರೆ ಹೃದಯದ ಬಡಿತ ಮತ್ತು ರಕ್ತದ ಒತ್ತಡ ತಗ್ಗಿಸುವ ಮಾತ್ರೆಗಳಿವೆ. ಅಗಲ ಸುಮಾರು 5 ಸೆಂಟಿಮೀಟರ್ ತಲುಪಿದರೆ, ಸೀಳುವ ಮೊದಲೇ ಶಸ್ತ್ರಚಿಕಿತ್ಸೆ ಮಾಡುತ್ತಾರೆ. ತಂಗಿಗೂ ಎಕೋ ಮಾಡಿಸಿದಾಗ ಅವಳಿಗೂ ಸ್ವಲ್ಪ ಹಿಗ್ಗಿರುವುದು ಕಂಡಿತು. ಅಲ್ಹಮ್ದುಲಿಲ್ಲಾಹ್, ಈಗಲೇ ಗೊತ್ತಾಯಿತು. ಖಾಲೂಗೆ ಆ ಅವಕಾಶ ಸಿಗಲಿಲ್ಲ.

ಎತ್ತರ ಇದ್ದವರಿಗೆಲ್ಲ ಈ ಕಾಯಿಲೆ ಇರುವುದಿಲ್ಲ. ಆದರೆ ಉದ್ದ ಬೆರಳು, ಹೆಚ್ಚುತ್ತಿರುವ ದೃಷ್ಟಿದೋಷ, ಮನೆಯಲ್ಲಿ ಚಿಕ್ಕ ವಯಸ್ಸಿನ ಹಠಾತ್ ಸಾವು ಒಟ್ಟಿಗೆ ಕಂಡರೆ ತಡಮಾಡದೆ ಹೃದ್ರೋಗ ತಜ್ಞರಿಗೆ ತೋರಿಸಿ. ಬಿಪಿಎಲ್ ಕಾರ್ಡ್ ಇದ್ದವರು ತಾಲ್ಲೂಕು ಆಸ್ಪತ್ರೆಯಲ್ಲೇ ರೆಫರಲ್ ಪತ್ರ ಮತ್ತು ಆಯುಷ್ಮಾನ್ ಯೋಜನೆಯ ಬಗ್ಗೆ ವಿಚಾರಿಸಿ. ಎದೆ ಅಥವಾ ಬೆನ್ನಿನಲ್ಲಿ ಸೀಳಿದಂಥ ನೋವು ಬಂದರೆ ಕೂಡಲೇ 108ಕ್ಕೆ ಕರೆಮಾಡಿ.

ದವಾ, ದುಆ ಎರಡೂ ಬೇಕು ಎನ್ನುತ್ತಾರೆ ನಮ್ಮ ದಾದಿ. ನನ್ನ ಅಣ್ಣ ಈಗ ವಾಲಿಬಾಲ್ ಆಡುವುದಿಲ್ಲ, ಅಂಕಣದ ಪಕ್ಕ ಕೂತು ಸ್ಕೋರ್ ಬರೆಯುತ್ತಾನೆ. ನಾವ್ಯಾರೂ ಅವನನ್ನು ಲಂಬೂ ಎನ್ನುವುದಿಲ್ಲ.