ರೇಷ್ಮೆ ಗೂಡು ನರಕ್ಕೆ ಆಸರೆ



ಹಿಪ್ಪುನೇರಳೆ ಸೊಪ್ಪು ಕೊಯ್ಯುವಾಗ ನಮ್ಮ ತಾತನ ಹೆಬ್ಬೆರಳಿಗೆ ಕುಡುಗೋಲು ತಗುಲಿತು. ಗಾಯ ಮಾಯಿತು, ಆದರೆ ಬೆರಳ ತುದಿಗೆ ಈಗಲೂ ಬಿಸಿ ತಣ್ಣಗೆ ಗೊತ್ತಾಗಲ್ಲ. ಯಾಕೆಂದರೆ ಅಲ್ಲಿನ ನರ ತುಂಡಾಗಿದೆ.

ಕೈಕಾಲಿನ ನರ ತುಂಡಾದರೆ ದಿನಕ್ಕೆ ಸುಮಾರು 1 ಮಿಲಿಮೀಟರಿನಂತೆ ಮತ್ತೆ ಬೆಳೆಯಬಲ್ಲದು. ನಡುವೆ ಅಂತರ ಹೆಚ್ಚಿದ್ದರೆ ದಾರಿ ತಪ್ಪುತ್ತದೆ. ಬಳ್ಳಿಗೆ ಕಡ್ಡಿ ನೆಟ್ಟಂತೆ ಅದಕ್ಕೂ ಆಸರೆ ಬೇಕು. ಮಿದುಳು, ಬೆನ್ನುಹುರಿಯ ನರಗಳು ತಾವಾಗಿ ಕೂಡುವುದಂತೂ ಬಹಳ ಕಷ್ಟ. ಅದಕ್ಕೇ ವಿಜ್ಞಾನಿಗಳು ಆಸರೆಯನ್ನು ಯಂತ್ರದಲ್ಲಿ ಮುದ್ರಿಸಲು ಪ್ರಯತ್ನಿಸುತ್ತಿದ್ದಾರೆ.

ಇದು ಚಕ್ಕುಲಿ ಒತ್ತಿದ ಹಾಗೆ. ಹಿಟ್ಟಿನ ಬದಲು ಲೋಳೆಯಂಥ ಶಾಯಿ, ಅದರೊಳಗೆ ಜೀವಂತ ಕೋಶಗಳು. ಶಾಯಿ ನೀರಾದರೆ ಆಕಾರ ನಿಲ್ಲಲ್ಲ. ತೀರಾ ಗಟ್ಟಿಯಾದರೆ ಒತ್ತುವಾಗ ಕೋಶಗಳು ಸಾಯುತ್ತವೆ. ನರ ಬೆಳೆದಂತೆ ಆಸರೆ ಮೆಲ್ಲಗೆ ಕರಗಲೂ ಬೇಕು!

ಇಂಥ ಶಾಯಿಗೆ ಬಳಸುವ ಒಂದು ವಸ್ತು ರೇಷ್ಮೆ. ಗೂಡನ್ನು ವಾಷಿಂಗ್ ಸೋಡಾ ಹಾಕಿದ ನೀರಿನಲ್ಲಿ ಕುದಿಸಿ ಅಂಟು ತೆಗೆಯುತ್ತಾರೆ. ಉಳಿದ ನೂಲಿನ ಪ್ರೋಟೀನು ಫೈಬ್ರೋಯಿನ್. ಅದನ್ನು ಕರಗಿಸಿ ಶಾಯಿ ಮಾಡುತ್ತಾರೆ.

2014ರಲ್ಲಿ ಅಮೆರಿಕದ ಟಫ್ಟ್ಸ್ ವಿಶ್ವವಿದ್ಯಾಲಯದವರು ರೇಷ್ಮೆಯ ಸ್ಪಂಜಿನಲ್ಲಿ ಇಲಿಯ ನರಕೋಶ ಬೆಳೆಸಿದರು. ಅವು 2 ತಿಂಗಳಿಗೂ ಹೆಚ್ಚು ಬದುಕಿದವು. 2024ರಲ್ಲಿ ಅಲ್ಲಿಯದೇ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದವರು ಬೇರೆ ಶಾಯಿಯಲ್ಲಿ ಮನುಷ್ಯನ ನರಕೋಶಗಳನ್ನೇ ಮುದ್ರಿಸಿದ ಸುದ್ದಿ ಬಂತು. ಅವು ಒಂದಕ್ಕೊಂದು ಸಂದೇಶ ಕಳಿಸಿದವು. ಎರಡೂ ಪ್ರಯೋಗಶಾಲೆಯ ಕೆಲಸ, ಚಿಕಿತ್ಸೆ ಅಲ್ಲ.

ಇದನ್ನು ತಾತನಿಗೆ ಓದಿ ಹೇಳಿದೆ. "ನಾವು ಸಾಕಿದ್ ಹುಳ ನಮ್ ಬೆರಳು ಸರಿ ಮಾಡ್ತೈತಾ?" ಅಂದರು.

"ಇನ್ನೂ ಇಲ್ಲ ತಾತ, ಕಲೀತಾ ಅವ್ರೆ" ಅಂದೆ.

— 7ನೇ ತರಗತಿ, ಸಮೇತನಹಳ್ಳಿ