ಉಮ್ಮನ ಬಲ್ಬು, ನನ್ನ ಗೀಸರು

ಕಳೆದ ತಿಂಗಳು ನಮ್ಮ ಮನೆಯ ವಿದ್ಯುತ್ ಬಳಕೆ 214 ಯೂನಿಟ್ ಆಯಿತು. ಗೃಹಜ್ಯೋತಿ ಯೋಜನೆಯಲ್ಲಿ 200 ದಾಟಿದರೆ ಪೂರ್ತಿ ಬಿಲ್ ನಾವೇ ಕಟ್ಟಬೇಕು. ಅಂದಿನಿಂದ ಉಮ್ಮ ಲೈಟ್ ಆರಿಸಿ, ಮಬ್ಬು ಬೆಳಕಿನಲ್ಲೇ ಬೀಡಿ ಕಟ್ಟತೊಡಗಿದರು.

ನನಗೆ ಭೌತಶಾಸ್ತ್ರದ ಪಾಠ ನೆನಪಾಯಿತು. ವ್ಯಾಟನ್ನು ಗಂಟೆಯಿಂದ ಗುಣಿಸಿ 1000ದಿಂದ ಭಾಗಿಸಿದರೆ ಯೂನಿಟ್ ಸಿಗುತ್ತದೆ. ಉಮ್ಮನ 9 ವ್ಯಾಟಿನ ಎಲ್‌ಇಡಿ ಬಲ್ಬು ದಿನಕ್ಕೆ 5 ಗಂಟೆಯಂತೆ 30 ದಿನ ಉರಿದರೂ 1.35 ಯೂನಿಟ್ ಮಾತ್ರ. ನನ್ನ ಸ್ನಾನಕ್ಕೆ 2000 ವ್ಯಾಟಿನ ಗೀಸರು ದಿನಕ್ಕೆ ಅರ್ಧ ಗಂಟೆ ಉರಿದರೆ ತಿಂಗಳಿಗೆ 30 ಯೂನಿಟ್! 75 ವ್ಯಾಟಿನ ಹಳೆಯ ಫ್ಯಾನು ದಿನಕ್ಕೆ 10 ಗಂಟೆ ತಿರುಗಿದರೆ 22.5 ಯೂನಿಟ್, 30 ವ್ಯಾಟಿನ ಬಿಎಲ್‌ಡಿಸಿ ಫ್ಯಾನಿಗೆ 9 ಸಾಕು.

ಲೆಕ್ಕ ತೋರಿಸಿದಾಗ ಉಮ್ಮ ನಕ್ಕರು: “ಹಾಗಾದರೆ ಬಿಲ್ ಏರಿಸಿದ್ದು ನೀನೇ!”

ಈಗ ಗೀಸರು ದಿನಕ್ಕೆ ಹತ್ತೇ ನಿಮಿಷ. ತಿಂಗಳಿಗೆ 20 ಯೂನಿಟ್ ಉಳಿಯುತ್ತದೆ. ಹೊಸ ಫ್ಯಾನು ಕೈಯಲ್ಲಿ ದುಡ್ಡಿದ್ದಾಗ. ಉಮ್ಮನ ಬಲ್ಬು ಮಾತ್ರ ಮತ್ತೆ ಉರಿಯುತ್ತಿದೆ.

ಗೆಳೆಯರೇ, ನಿಮ್ಮ ಮನೆಯ ಉಪಕರಣಗಳ ಮೇಲೆ ಬರೆದಿರುವ ವ್ಯಾಟ್ ಓದಿ, ಲೆಕ್ಕ ಹಾಕಿ. ಯಾವ ಸ್ವಿಚ್ ಆರಿಸಬೇಕೆಂದು ಆಮೇಲೆ ತೀರ್ಮಾನಿಸಿ.